ದೇವಕ್ಕನ ಹನ್ನೊಂದು ಹರಳು

ಪ್ರತಿ ವರ್ಷ ಶಾಲೆಯ ಪ್ರವಾಸ ಹೊರಡುವ ಮುನ್ನ ನಾನು ಹುಡುಗಿಯರಿಗೆ ಒಂದೇ ಕಥೆ ಹೇಳುತ್ತೇನೆ. ಸುರಪುರದ ಈ ಶಾಲೆಯಲ್ಲಿ ಕಲಿಸಲು ಶುರು ಮಾಡಿ ಇಪ್ಪತ್ತೆರಡು ವರ್ಷವಾಯಿತು, ಕಥೆ ಬದಲಾಗಿಲ್ಲ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ಬೆನ್ನ ಹಿಂದೆ ನಗುವವರಿದ್ದಾರೆ, ನಗಲಿ. ಹೇಳದೆ ಕೇಳದೆ ದೂರ ಹೋಗಿದ್ದ ಇಬ್ಬರು ಹುಡುಗಿಯರನ್ನು ಬಿಟ್ಟು ಬಸ್ಸು ಹೊರಟುಬಿಡಬಾರದೆಂದು, ಬಸ್ಸಿನ ಕೀಲಿಯನ್ನೇ ಸಮುದ್ರಕ್ಕೆ ಒಗೆದ ದೇವಕಮ್ಮ ಎಂಬ ಹೆಂಗಸಿನ ಕಥೆ ಅದು. ಆ ಇಬ್ಬರಲ್ಲಿ ಒಬ್ಬಳು ನಾನೇ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಹೋದ ಡಿಸೆಂಬರಿನಲ್ಲಿ ಕಥೆ ಮುಗಿಸಿದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ನೀವು ಹೇಳೋ ದೇವಕಮ್ಮ ನಮ್ಮ ಆಯಿನ ಅಕ್ಕ ರೀ. ವನದುರ್ಗದಾಗ ನಮ್ಮ ಮನ್ಯಾಗಾ ಅದಾಳ. ಆದ್ರ ಕೀಲಿ ಸುದ್ದಿ ತೆಗದ್ರ ಮಕಾ ತಿರುವ್ತಾಳ ನೋಡ್ರಿ."

ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಜಾರಿ ಬಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಅದು ಬೀಳಲಿಲ್ಲ. ಆದರೆ ಆ ದಿನ ಮುಂದೆ ಏನು ಪಾಠ ಮಾಡಿದೆನೋ ನನಗೆ ನೆನಪಿಲ್ಲ.

ನಮ್ಮ ಕಾಲದಲ್ಲಿ ಎಲ್ಲರೂ ಆಕೆಯನ್ನು ದೇವಕ್ಕ ಎನ್ನುತ್ತಿದ್ದರು. ನಾನು ಭೀಮರಾಯನಗುಡಿ ಕ್ಯಾಂಪಿನಲ್ಲಿ ಪಿಯುಸಿ ಓದುವಾಗ ನಮ್ಮ ಕಾಲೇಜಿಗೆ ನೀರು ತುಂಬುವ ಕೆಲಸ ಆಕೆಯದು. ಕ್ಯಾಂಪೆಂದರೆ ಕಾಲುವೆ ಕಟ್ಟಲು ಬಂದವರ ಊರು. ಸಾಲು ಸಾಲು ಕ್ವಾರ್ಟರ್ಸು, ಧೂಳೆಬ್ಬಿಸುವ ಜೀಪು, ನಕಾಶೆಯ ಸುರುಳಿ ಕಂಕುಳಲ್ಲಿ ಇಟ್ಟುಕೊಂಡು ಓಡಾಡುವ ಸಾಹೇಬರು. ಕೃಷ್ಣೆಯ ನೀರು ಕಾಲುವೆಗೆ ಹರಿದು ಇನ್ನೂ ಕೆಲವೇ ವರ್ಷವಾಗಿತ್ತು. ಜೋಳ, ತೊಗರಿ ಬಿಟ್ಟರೆ ಬೇರೇನೂ ಕಾಣದ ಕರಿ ಹೊಲಗಳಲ್ಲಿ ಭತ್ತದ ಹಸಿರು ಕಂಡು ನಮ್ಮ ಹಿರಿಯರು ಬದುವಿನ ಮೇಲೆ ನಿಂತು ಸುಮ್ಮನೆ ನೋಡುತ್ತಿದ್ದರು. ಆ ನೋಟ ಈಗಿನ ಮಕ್ಕಳಿಗೆ ಹೇಳಿದರೂ ತಿಳಿಯುವುದಿಲ್ಲ. ಅವರು ಹುಟ್ಟುವಾಗಲೇ ಕಾಲುವೆ ಹಳೆಯದಾಗಿತ್ತು.

ದೇವಕ್ಕನ ಊರು ನದಿ ದಂಡೆಯದು, ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಊರು ಬಿಟ್ಟ ವರ್ಷವೇ ಗಂಡ ಜ್ವರದಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ತನ್ನ ಊರನ್ನು ನುಂಗಿದ ನೀರಿಗೇ ದಾರಿ ತೋಡುವ ಕೂಲಿಗೆ ಬಂದು ಒಂಬತ್ತು ವರ್ಷ ಮಣ್ಣು ಹೊತ್ತಳು. ಆಕೆಗೆ ಅಕ್ಷರ ಬಾರದು. ಎಣಿಕೆಯೂ ಅಷ್ಟೇ, ಕೈಬೆರಳು ಮುಗಿಯುವ ತನಕ. ಆದರೆ ಮೇಸ್ತ್ರಿಯ ಬಾಯಿ ಲೆಕ್ಕವನ್ನು ನಂಬುವ ಪೈಕಿಯವಳಲ್ಲ. ಹೊತ್ತ ಬುಟ್ಟಿಗೊಂದು ಹರಳು ಆಯ್ದು ಸಂಚಿಗೆ ಹಾಕಿಕೊಳ್ಳುವುದು ಆ ಕಾಲುವೆಯ ಹೆಂಗಸರ ರೂಢಿಯಾಗಿತ್ತು. ಸಂಜೆ ಸಂಚಿ ಸುರುವಿದರೆ ಎಂಥ ಮೇಸ್ತ್ರಿಯೂ ತೆಪ್ಪಗಾಗುತ್ತಿದ್ದ.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಆಕೆಗೆ ಕಾಲುವೆಯಲ್ಲಿ ಕಲಿತ ಗುಣವೂ ಹೋಗಲಿಲ್ಲ. ಕಾಲೇಜಿಗೆ ಬಂದ ಮೇಲೂ ಕೊಡಕ್ಕೊಂದು ಹರಳು, ಹೊರಗೆ ಹೋದ ಲೋಟಕ್ಕೊಂದು ಹರಳು. ಆರು ವರ್ಷದಲ್ಲಿ ಒಂದೇ ಒಂದು ಲೋಟ ಕಳೆದಿರಲಿಲ್ಲ. ದಿನವಿಡೀ ಕಾಲೇಜಿನ ಯಾವ ಮೂಲೆಯಿಂದಲಾದರೂ "ದೇವಕ್ಕಾ, ನೀರು!" ಎಂಬ ಕೂಗು ಕೇಳುತ್ತಲೇ ಇರುತ್ತಿತ್ತು. ಆಕೆ ಕೂತು ನೀರು ಕುಡಿದದ್ದನ್ನು ನಾನಂತೂ ನೋಡಿರಲಿಲ್ಲ.

ನಾನು ಎರಡನೇ ಪಿಯುಸಿಯಲ್ಲಿದ್ದಾಗ, ೧೯೯೫ರಲ್ಲಿ, ಇತಿಹಾಸ ಕಲಿಸುವ ಚಂದ್ರಾಮಪ್ಪ ಸರ್ ಪ್ರವಾಸ ಇಟ್ಟರು. ಶನಿವಾರ ಐಹೊಳೆಯ ಹಳೆಯ ಗುಡಿಗಳು, ರವಿವಾರ ಕಾರವಾರದ ಕಡೆಯ ಸಮುದ್ರ. ಸಮುದ್ರದ ದಂಡೆಯ ಒಂದು ರೆಸಾರ್ಟಿನಲ್ಲಿ ಅವರ ಷಡ್ಡಕ ಗುಮಾಸ್ತರಾಗಿದ್ದರು. ಅಲ್ಲಿ ಅರ್ಧ ದಿನ ಇರಲು, ಉಣ್ಣಲು ವ್ಯವಸ್ಥೆಯಾಗಿತ್ತು. ರೆಸಾರ್ಟ್ ಎಂಬ ಶಬ್ದವನ್ನೇ ನಾವು ಕೇಳಿದ್ದು ಆಗ. ಹುಡುಗರು ಹತ್ತೊಂಬತ್ತು, ಹುಡುಗಿಯರು ಹನ್ನೊಂದು. ಹೊರಡಲು ಎರಡು ದಿನ ಇದ್ದಾಗ ಜೊತೆಗೆ ಬರಬೇಕಿದ್ದ ಮೇಡಂ ಬರಲಾಗದು ಎಂದುಬಿಟ್ಟರು. ಹೆಂಗಸರೊಬ್ಬರು ಇಲ್ಲದೆ ಹುಡುಗಿಯರನ್ನು ಕಳಿಸುವುದಿಲ್ಲವೆಂದು ಪ್ರಿನ್ಸಿಪಾಲರು ಹೇಳಿದರು. ಕೈಗೆ ಬಂದ ತುತ್ತು ಬಾಯಿಗೆ ಬರದಂತಾಯಿತು. ನಾವು ಹನ್ನೊಂದು ಜನ ಹೋಗಿ ದೇವಕ್ಕನ ನೀರಿನ ಕೋಣೆಯ ಬಾಗಿಲಿಗೆ ಅಡ್ಡ ಕೂತೆವು.

"ನಾ ಬಂದ್ರ ಇಲ್ಲಿ ನೀರು ಯಾರು ತುಂಬಬೇಕ್ರೆವ್ವಾ?" ಎಂದಳು. ಶನಿವಾರ ಕಾಲೇಜಿಗೆ ರಜೆ ಕೊಟ್ಟಿದ್ದಾರೆ, ಎರಡು ದಿನ ನೀರು ಕುಡಿಯುವವರು ಯಾರೂ ಇರುವುದಿಲ್ಲ ಎಂದೆವು. ಆಕೆ ಕೊಡ ಬೋರಲು ಹಾಕಿ ಹೂಂ ಎಂದಳು.

ಉಳಿದ ಹುಡುಗಿಯರ ಮನೆಯಲ್ಲಿ ಒಪ್ಪಿಗೆ ಸಿಕ್ಕಿತು. ತಕರಾರು ಇದ್ದದ್ದು ನಮ್ಮ ಮನೆಯಲ್ಲಿ. ನನ್ನಪ್ಪ ಅಮರಪ್ಪ ಉಪಕಾಲುವೆಯ ಗೇಟು ಕಾಯುವವನು. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಎತ್ತರ ಗೇಟು ಎತ್ತಬೇಕೋ ಅಷ್ಟೇ ಎತ್ತುವವನು. ರೈತರು ಕಾಲಿಗೆ ಬಿದ್ದರೂ ಒಂದು ಗೇಣು ಹೆಚ್ಚು ಎತ್ತಿದವನಲ್ಲ. ಅವನ ಮಟ್ಟಿಗೆ ಮಗಳಿಗೂ ನೀರಿಗೂ ಒಂದೇ ಕಾನೂನು. ದೇವಕ್ಕ ತಾನೇ ನಮ್ಮ ಮನೆಗೆ ಬಂದು ಕೇಳಿದಳು.

"ಸೋಮವಾರ ಮುಂಜಾನಿ ಏಳಕ್ಕ ನಾ ಗೇಟು ಎತ್ತಬೇಕು," ಎಂದ ಅಪ್ಪ ನನ್ನ ಕಡೆ ಕೈ ಮಾಡಿ. "ಅದರಕಿಂತ ಮೊದಲ ಸುಗಲಿ ಮನ್ಯಾಗ ಇರಬೇಕು ಯಕ್ಕಾ. ತಡಾ ಆತಂದ್ರ ಈಕಿ ಕಾಲೇಜು ಬಂದ್. ಹತ್ತಿಕುಣಿ ಮಾವಗ ಮಾತು ಕೊಟ್ಟುಬಿಡ್ತೀನಿ."

ಹತ್ತಿಕುಣಿ ಮಾವ ಎಂದರೆ ನಮ್ಮವ್ವನ ತಮ್ಮ. ನನಗಿಂತ ಹದಿನಾಲ್ಕು ವರ್ಷ ದೊಡ್ಡವನು. ಕೆಟ್ಟವನಲ್ಲ, ಪಾಪ, ನನ್ನ ಜಾತ್ರೆಯ ಬಳೆಗಳೆಲ್ಲ ಅವನೇ ಕೊಡಿಸಿದ್ದು. ಆದರೆ ನನಗೆ ಓದುವುದಿತ್ತು. ಅಪ್ಪ ಹೇಳಿದ್ದನ್ನು ಮಾಡುವವನು ಎಂಬುದು ಮನೆಯ ಗೋಡೆಗೂ ಗೊತ್ತಿತ್ತು.

"ಎಣಿಸಿ ಒಯ್ತೀನಿ, ಎಣಿಸಿ ತರ್ತೀನಿ ಅಮರಪ್ಪ," ಎಂದಳು ದೇವಕ್ಕ. ಹೋಗುವ ದಾರಿಯಲ್ಲಿ ಕಾಲುವೆ ದಂಡೆಗೆ ಬಗ್ಗಿ, ಒಬ್ಬೊಬ್ಬಳ ಹೆಸರಿಗೆ ಒಂದೊಂದರಂತೆ, ಹನ್ನೊಂದು ಬಿಳಿ ಹರಳು ಆರಿಸಿದಳು. ಮರುದಿನ ಕಾಲೇಜಿನಲ್ಲಿ ನಮ್ಮ ಕೈಯಿಂದಲೇ ಒಂದೊಂದನ್ನು ತನ್ನ ಅರಿವೆಗೆ ಹಾಕಿಸಿಕೊಂಡಳು. ನನ್ನದಕ್ಕೆ ಒಂದು ಕಡೆ ಕೆಂಪು ಗೆರೆ ಇತ್ತು.

ಶನಿವಾರ ನಸುಕಿನಲ್ಲಿ ಹೊರಟೆವು. ಸುರಪುರ, ಲಿಂಗಸುಗೂರು, ಹುನಗುಂದ ದಾಟುವವರೆಗೆ ಬಸ್ಸು ಎಲ್ಲಿ ನಿಂತರೂ ದೇವಕ್ಕ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಇಳಿದವಳಿಗೊಂದು ಹರಳು ಅರಿವೆಯಿಂದ ಹೊರಗೆ, ಹತ್ತಿದವಳಿಗೊಂದು ಒಳಗೆ. ಹುಡುಗರು ಚೇಷ್ಟೆ ಮಾಡಿ "ನಮ್ಮ ಹರಳು ಎಲ್ಲಿ ದೇವಕ್ಕಾ?" ಎಂದರೆ, "ನಿಮ್ಮನ್ನ ಯಾರು ಕದ್ದು ಒಯ್ತಾರಲೇ, ಹುಣಸಿ ಬೊಡ್ಡಿಗೋಳ್ರಾ," ಎನ್ನುತ್ತಿದ್ದಳು.

ಐಹೊಳೆಯಲ್ಲಿ ಚಂದ್ರಾಮಪ್ಪ ಸರ್ ಶತಮಾನ, ರಾಜವಂಶ, ಶಿಖರದ ಶೈಲಿ ಎಂದು ಹೇಳುತ್ತಲೇ ಇದ್ದರು. ನಾವು ಬರೆದುಕೊಳ್ಳುತ್ತಲೇ ಇದ್ದೆವು. ಆ ನೋಟ್‌ಬುಕ್ ಈಗ ಎಲ್ಲಿದೆಯೋ. ನನಗೆ ಉಳಿದದ್ದು ದೇವಕ್ಕ ನೋಡಿದ ಐಹೊಳೆ. ಒಂದು ದೊಡ್ಡ ಗುಡಿಗೆ ಅದರಲ್ಲಿ ಹಿಂದೊಮ್ಮೆ ಮನೆ ಮಾಡಿಕೊಂಡಿದ್ದ ಸಾಹೇಬನೊಬ್ಬನ ಹೆಸರೇ ನಿಂತಿದೆ ಎಂದು ಸರ್ ಹೇಳಿದಾಗ ಆಕೆಯ ಕಿವಿ ನೆಟ್ಟಗಾಯಿತು. ಅಲ್ಲಿಂದ ಆಕೆ ಗೋಡೆಯ ಶಿಲ್ಪ ಬಿಟ್ಟು ನೆಲ ನೋಡತೊಡಗಿದಳು. ಒಂದು ಕಂಬದ ಮಗ್ಗುಲಲ್ಲಿ ಹಾಸುಗಲ್ಲಿನ ಮೇಲೆ ಯಾರೋ ಕೊರೆದ ಚೌಕಾಬಾರದ ಮನೆ ಕಂಡಿತು. ಇನ್ನೊಂದು ಕಡೆ ಕುಟ್ಟಿ ಕುಟ್ಟಿ ಒರಳಿನ ಹಾಗೆ ತಗ್ಗಾದ ಕಲ್ಲು.

"ಒಳ್ಳ ನೋಡ ಸುಗಲಿ," ಎಂದು ನನ್ನನ್ನು ಕರೆದಳು. ತಗ್ಗಿನೊಳಗೆ ಕೈಯಿಟ್ಟು ಸುತ್ತ ತಿರುಗಿಸಿದಳು. "ಇಲ್ಲಿ ಯಾವಾಕಿನೋ ಕೂತು ಖಾರ ಕುಟ್ಯಾಳ. ಸರ್ ಇದಕ್ಕ ಹಾಳು ಅಂತಾರ. ಹಾಳಲ್ಲವ್ವಾ ಇದು. ಬಾಳುವೆ ಮಾಡಿ ಬಿಟ್ಟು ಹೋಗ್ಯಾರ."

ಆಕೆ ಕಂಬಕ್ಕೆ ಒರಗಿ ಕೂತಳು.

"ನಮ್ಮೂರಾಗ ನಮ್ಮ ಮನಿ ಒಳ್ಳಕಲ್ಲು ನೆಲದಾಗ ಹುಗದದ್ದು. ಕೀಳಾಕ ಬರಲಿಲ್ಲ. ಎಲ್ಲಾ ಕಟಗೊಂಡು ಬಂದ್ವಿ, ಅದೊಂದು ಬಿಟ್ಟು ಬಂದ್ವಿ. ಈಗ ಅದರಾಗ ಮೀನು ಮರಿ ಹಾಕಿರಬೇಕು." ಅಷ್ಟು ಹೇಳಿ ನಕ್ಕಳು. ಆಕೆಯ ಕಣ್ಣಲ್ಲಿ ನೀರಿತ್ತು. ಚೌಕಾಬಾರ ಆಡೋಣವೇ ಎಂದು ಕೇಳಿದೆ. ಅವಳ ಹರಳುಗಳನ್ನೇ ಕಾಯಿ ಮಾಡಿಕೊಂಡು, ಯಾವ ಕಾಲದಲ್ಲೋ ಯಾರೋ ಕೊರೆದ ಮನೆಯ ಮೇಲೆ ನಾವಿಬ್ಬರೂ ಒಂದಾಟ ಆಡಿದೆವು. ಆಕೆಯೇ ಗೆದ್ದಳು. ಬಸ್ಸಿನ ಹಾರ್ನು ಕೇಳಿದಾಗ ಒಬ್ಬೊಬ್ಬಳ ಹೆಸರು ಹೇಳಿ ಹರಳನ್ನು ಒಂದೊಂದಾಗಿ ಆಯ್ದು ಕಟ್ಟಿಕೊಂಡಳು.

ರವಿವಾರ ಬೆಳಿಗ್ಗೆ ಸಮುದ್ರ ಕಂಡಿತು. ಮೂವತ್ತು ಜನರ ಬಾಯಿ ಒಂದೇ ಸಲ ಮುಚ್ಚಿದ್ದು ಆ ಪ್ರವಾಸದಲ್ಲಿ ಅದೊಂದೇ ಹೊತ್ತು. ಆಮೇಲೆ ಎಲ್ಲರೂ ಕಿರುಚುತ್ತಾ ನೀರಿಗೆ ಓಡಿದೆವು. ರೆಸಾರ್ಟಿನವರು ದಂಡೆಯಲ್ಲಿ ದೊಡ್ಡ ಛತ್ರಿಗಳ ಕೆಳಗೆ ಒರಗುವ ಕುರ್ಚಿ ಹಾಕಿದ್ದರು. ದೇವಕ್ಕ ಒಂದರ ತುದಿಯಲ್ಲಿ, ಆಫೀಸಿನ ಹೊರಗೆ ಕೂತವರ ಹಾಗೆ, ಬೆನ್ನು ನೆಟ್ಟಗೆ ಮಾಡಿ ಕೂತಳು. ಮುಂದೆ ಒಣ ಮರಳಿನ ಮೇಲೆ ನಮ್ಮ ಚಪ್ಪಲಿ, ಚೀಲ ಸಾಲಾಗಿ ಜೋಡಿಸಿ, ಅರಿವೆ ಹಾಸಿ ಹನ್ನೊಂದು ಹರಳನ್ನೂ ಹರವಿದಳು. ಹುಡುಗಿಯರೆಲ್ಲ ಹೊರಗಿದ್ದೇವಲ್ಲ, ಅದಕ್ಕೆ. ಡ್ರೈವರ್ ದ್ಯಾವಪ್ಪ ತಾನೂ ಮೀಯಲು ಹೋಗುತ್ತಾ ಬಸ್ಸಿನ ಕೀಲಿಯನ್ನು ಅದೇ ಅರಿವೆಯ ಮೇಲೆ ಇಟ್ಟ. ಲೋಟ ಕಳೆಯದವಳು ಕೀಲಿ ಕಳೆದಾಳೇ? ಒಂದು ಗಂಟೆಗೆ ಊಟ ಮುಗಿಸಿ ಹೊರಡಬೇಕು, ಹಾಗಾದರೆ ಮಾತ್ರ ಸೋಮವಾರ ಬೆಳಗಾಗುವ ಮೊದಲು ಕ್ಯಾಂಪು ಮುಟ್ಟುತ್ತೇವೆ ಎಂದು ಸರ್ ಹೇಳಿದ್ದರು. ಆ ಮಾತಿನ ಮಹತ್ವ ನನಗಿಂತ ಹೆಚ್ಚು ಯಾರಿಗಿತ್ತು? ಆದರೂ ನಾನು ಮಾಡಿದ್ದು ಹುಚ್ಚು ಕೆಲಸ.

ನನ್ನ ಗೆಳತಿ ಹಬೀಬಾ, ಶಹಾಪುರದ ದರ್ಜಿಯ ಮಗಳು. ದಂಡೆಯ ಕೊನೆಯಲ್ಲಿ ಬಂಡೆಗಳ ಸಾಲೊಂದು ಕಾಣುತ್ತಿತ್ತು. ಅದರಾಚೆ ಏನಿದೆ ನೋಡಿ ಬಂದುಬಿಡೋಣ ಎಂದಳು. ಯಾರಿಗೂ ಹೇಳದೆ ಹೋದೆವು. ಬಂಡೆಗಳ ಬುಡದಲ್ಲಿ ಒಣ ಮರಳಿನ ದಾರಿ ಇತ್ತು. ಆಚೆಗೆ ನಾಲ್ಕು ದೋಣಿ, ಒಣಹಾಕಿದ ಮೀನು. ಹಬೀಬಾ ಕಪ್ಪೆಚಿಪ್ಪು ಆಯುತ್ತಾ ಓಢಣಿ ತುಂಬಿಸಿಕೊಂಡಳು. ತಿರುಗಿ ಬಂದಾಗ ಒಣ ದಾರಿ ಇರಲಿಲ್ಲ. ಸೊಂಟದ ಮಟ್ಟ ನೀರು ಬಂಡೆಗೆ ಬಡಿಯುತ್ತಿತ್ತು.

"ನಿಂದ್ರು, ಇಳೀತದ," ಎಂದೆ ನಾನು, ಗೇಟು ಕಾಯುವವನ ಮಗಳು. "ಎಲ್ಲೋ ಬಿಟ್ಟಾರ. ತಾಸಿನಾಗ ಬಂದ್ ಮಾಡ್ತಾರ."

ಹಬೀಬಾ ನನ್ನ ಮಾತು ನಂಬಿದಳು. ನೀರಿನ ವಿಷಯ ನಮ್ಮಪ್ಪನ ಮನೆಯವರಿಗಿಂತ ಹೆಚ್ಚು ಯಾರಿಗೆ ಗೊತ್ತು? ಇಬ್ಬರೂ ಒಂದು ಬಂಡೆಯ ಮೇಲೆ ಕೂತು ಗೇಟು ಇಳಿಸುವುದನ್ನು ಕಾದೆವು. ನೀರು ಏರುತ್ತಲೇ ಹೋಯಿತು. ಕೊನೆಗೆ ಮೀನು ಬುಟ್ಟಿ ಹೊತ್ತ ಹೆಂಗಸೊಬ್ಬಳು ನಮ್ಮನ್ನು ಕಂಡು, ನಾವು ಕಾಯುತ್ತಿರುವುದು ಏನನ್ನು ಎಂದು ಕೇಳಿ ಹೊಟ್ಟೆ ಹಿಡಿದು ನಕ್ಕಳು. ಗುಡ್ಡ ಸುತ್ತಿ ಬರುವ ದಾರಿ ತೋರಿಸಿದವಳು ಅವಳೇ. ಓಡುತ್ತಾ, ಅಳುತ್ತಾ ದಂಡೆ ಮುಟ್ಟುವಾಗ ನಾಲ್ಕು ಗಂಟೆ. ಬಸ್ಸು ಹೋಗಿರುತ್ತದೆ, ಇಲ್ಲವೇ ನಮ್ಮಿಬ್ಬರ ಹೆಸರು ಹಿಡಿದು ಊರೆಲ್ಲ ಕೂಗುತ್ತಿರುತ್ತಾರೆ. ಎರಡರಲ್ಲಿ ಯಾವುದಾದರೂ ನನ್ನ ಓದು ಮುಗಿದಂತೆ ಎಂದುಕೊಂಡಿದ್ದೆ.

ಎರಡೂ ಆಗಿರಲಿಲ್ಲ. ಹುಡುಗರು, ಹುಡುಗಿಯರು ಎಲ್ಲರೂ ಊಟವನ್ನೂ ಬಿಟ್ಟು ಬಗ್ಗಿ, ಹೊಲದಲ್ಲಿ ಶೇಂಗಾ ಆಯುವವರ ಹಾಗೆ ಮರಳು ಕೆದಕುತ್ತಿದ್ದರು. ಛತ್ರಿಯ ಕುರ್ಚಿಯಿದ್ದ ಜಾಗದಲ್ಲಿ ನೀರು ನಿಂತಿತ್ತು, ನೆನೆದ ಚಪ್ಪಲಿ, ಚೀಲ ಮೇಲೆ ರಾಶಿ ಬಿದ್ದಿದ್ದವು. ದೇವಕ್ಕ ಸೊಂಟದ ಮಟ್ಟದ ನೀರಿನಲ್ಲಿ ಎರಡೂ ಕೈ ಮುಳುಗಿಸಿ ತಡಕಾಡುತ್ತಿದ್ದಳು. ಚಂದ್ರಾಮಪ್ಪ ಸರ್ ಕೂಗುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ನಮಗೇ ಬೈಯುತ್ತಿದ್ದಾರೆಂದು ನಾನು ಹಬೀಬಾನ ಬೆನ್ನ ಹಿಂದೆ ಸರಿದೆ. ಬೈಗುಳ ನಮಗಲ್ಲ.

"ಕೀಲಿ ಹ್ಯಾಂಗ ಹೋತು ಸಮುದ್ರಕ್ಕ? ಕೀಲಿಗೆ ಕಾಲು ಬಂದಾವೇನು?"

"ನನ್ನದಾ ತಪ್ಪರಿ ಸರ್. ನಾನಾ ಕಳದೆ."

"ಹೋಗ್ಲಿ, ಹುಡಿಗ್ಯಾರರ ಎಲ್ಲಾರೂ ಅದಾರಿಲ್ಲ?"

ದೇವಕ್ಕ ನೀರಿನಲ್ಲೇ ತಿರುಗಿ ದಂಡೆಯ ಕಡೆ ನೋಡಿದಳು. ಆಕೆಯ ಕಣ್ಣು ಹಬೀಬಾನ ಮೇಲೆ, ನನ್ನ ಮೇಲೆ ಒಂದು ಗಳಿಗೆ ನಿಂತಿತು.

"ಅದಾರ್ರಿ," ಎಂದಳು. "ಎಲ್ಲಾರೂ ಅದಾರ."

ಹಬೀಬಾ ನನ್ನ ಕಿವಿಯಲ್ಲಿ ಉಸುರಿದಳು: "ಬೇಕಂತಲೇ ಒಗದಾಳ ಸುಗಲಿ. ನಾವು ಬರೋತನಾ ಬಸ್ಸು ಹೋಗಬಾರದಂತ."

ನನಗೂ ಅದೇ ಹೊಳೆದಿತ್ತು. ಇಲ್ಲವಾದರೆ ಆ ಹೆಂಗಸಿನ ಕೈಯಿಂದ ಕೀಲಿ ಕಳೆಯುವುದುಂಟೇ? ನಾವು ಕಾಣೆಯಾದದ್ದು ಒಬ್ಬರಿಗಾದರೂ ಗೊತ್ತಾಗಿದ್ದರೆ ಆ ಸುದ್ದಿ ನಮಗಿಂತ ಮೊದಲು ಶಹಾಪುರ ಮುಟ್ಟುತ್ತಿತ್ತು. ತಪ್ಪನ್ನೆಲ್ಲ ತನ್ನ ಮೇಲೆ ಎಳೆದುಕೊಂಡು ಆಕೆ ನಮ್ಮನ್ನು ಮುಚ್ಚಿದಳು. ರವಿವಾರ ಯಾವ ಗ್ಯಾರೇಜೂ ತೆರೆದಿರಲಿಲ್ಲ. ಮೆಕ್ಯಾನಿಕ್ ಸಿಕ್ಕು, ತಂತಿ ಎಳೆದು ಬಸ್ಸು ಶುರು ಮಾಡುವಾಗ ಸೂರ್ಯ ಮುಳುಗಿದ್ದ.

ಕ್ಯಾಂಪು ಮುಟ್ಟಿದಾಗ ಸೋಮವಾರ ಹನ್ನೊಂದು ಗಂಟೆ. ಖಾಕಿ ಅಂಗಿಯ ಅಪ್ಪ ಸೈಕಲ್ ಹಿಡಿದು ನಿಂತಿದ್ದ. ಏಳಕ್ಕೆ ಗೇಟು ಎತ್ತಿ ಬಂದಿದ್ದ. ದೇವಕ್ಕ ಎಲ್ಲರಿಗಿಂತ ಮೊದಲು ಇಳಿದು ಮೆಟ್ಟಿಲ ಪಕ್ಕ ನಿಂತಳು. ಹುಡುಗಿಯರು ಒಬ್ಬೊಬ್ಬರಾಗಿ ಇಳಿದರು. ಆಕೆಯ ಎರಡೂ ಕೈ ಬಿಗಿಯಾಗಿ ಮುಷ್ಟಿ ಕಟ್ಟಿದ್ದವು. ಸಿಟ್ಟು ಇರಬೇಕು ಎಂದುಕೊಂಡೆ. ಹೆದರಿಕೆಯಿಂದ ಹಿಂದೆ ಉಳಿದಿದ್ದ ನಾನು ಕೊನೆಗೆ ಇಳಿದೆ. ನನ್ನ ಕಾಲು ನೆಲ ಮುಟ್ಟುತ್ತಿದ್ದಂತೆ ಆಕೆ ಒಂದು ಮುಷ್ಟಿ ಬಿಚ್ಚಿ ನನ್ನ ಮಣಿಕಟ್ಟು ಹಿಡಿದಳು. ಎರಡು ಗಾಜಿನ ಬಳೆ ಒಡೆದವು. ಆಕೆ ಬಿಡಲಿಲ್ಲ. ಬಾಯಿ ಬಿಡಬೇಡ ಎಂಬ ಸನ್ನೆ ಅದೆಂದು ನಾನು ತಿಳಿದೆ.

"ಯಕ್ಕಾ, ಏಳು ಗಂಟಿ ಅಂದಿದ್ದೆ," ಎಂದ ಅಪ್ಪ.

"ಅಂದಿದ್ದಿ. ನನ್ನ ತಪ್ಪಪಾ. ನಿನ್ನ ಮಗಳದು ಎಳ್ಳಷ್ಟೂ ಇಲ್ಲ. ಬಸ್ಸಿನ ಕೀಲಿ ಸಮುದ್ರದ ಪಾಲು ಮಾಡಿದೆ."

"ನೀರು ಬರೋದು ಕಾಣಲಿಲ್ಲೇನು ನಿನಗ? ಕಾಲುವಿ ದಂಡ್ಯಾಗ ಜಲ್ಮ ಕಳದಾಕಿ ನೀ."

"ಕಂಡ್ತು. ಯಾರೋ ಗೇಟು ಬಿಟ್ಟಾರ, ಬಂದ್ ಮಾಡ್ತಾರ ಅಂತ ಕುಂತೆ. ಅದಕ್ಕ ಗೇಟಾ ಇಲ್ಲಪೋ!"

ಅಪ್ಪನ ಹುಬ್ಬು ಬಿಚ್ಚಿತು. "ಗೇಟಿಲ್ಲ?"

"ಇಲ್ಲ. ತಾನಾ ಬರತದ, ತಾನಾ ಹೋಗತದ. ದಿನಾ ಎರಡ ಸಲ ಅಂತ."

"ಯಾರೂ ಬಿಡಾಂಗಿಲ್ಲ?"

"ಯಾರೂ ಬಿಡಾಂಗಿಲ್ಲ. ನೀ ಇದ್ದಿದ್ರ ನೀನೂ ಹಂಗಾ ಕುಂತಿದ್ದಿ ಅಮರಪ್ಪ."

ಎಂಥ ಸುಳ್ಳು ಕಟ್ಟಿದಳಪ್ಪಾ ಎಂದು ನಾನು ಬೆರಗಾದೆ. ಅಪ್ಪ ಸೈಕಲ್ ತಿರುಗಿಸಿದ. ಆಮೇಲೆ "ಹತ್ತು ಸೈಕಲ್ಲು," ಎಂದ ನನಗೆ. ದಾರಿಯುದ್ದಕ್ಕೂ ಒಂದೂ ಬೈಗುಳ ಇಲ್ಲ. ನೀರು ಎಷ್ಟು ಎತ್ತರ ಏರುತ್ತದೆ, ಅಳೆಯುವ ಪಟ್ಟಿ ಹಾಕಿದ್ದಾರೋ ಇಲ್ಲವೋ, ಹೆಚ್ಚಾದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದೇ ಕೇಳಿದ್ದು. ಮಂಗಳವಾರ ತಾನೇ ನನ್ನನ್ನು ಕಾಲೇಜಿಗೆ ಬಿಟ್ಟ. ಹತ್ತಿಕುಣಿಗೆ ಮಾತು ಹೋಗಲಿಲ್ಲ.

ಕಾಲೇಜಿನಲ್ಲಿ ನೀರಿನ ಕೋಣೆಗೆ ಬೀಗ ಬಿದ್ದಿತ್ತು. ನಾಳೆಯಿಂದ ಬರಬೇಡ ಎಂದು ಪ್ರಿನ್ಸಿಪಾಲರು ದೇವಕ್ಕನನ್ನು ಕಳಿಸಿಬಿಟ್ಟಿದ್ದರು. ಎಂಟು ತಿಂಗಳು ಆಕೆ ಕಂಡವರ ಗದ್ದೆಯಲ್ಲಿ ಭತ್ತ ನಾಟಿ ಮಾಡಿದಳು. ನಾನು ಕಾಲುವೆ ರಸ್ತೆಯಲ್ಲಿ ಹೋಗುವಾಗ ಕೆಸರಿನಿಂದ ತಲೆಯೆತ್ತಿ ಕೈ ಬೀಸುತ್ತಿದ್ದಳು. ನಾನು ಬೇರೆ ಕಡೆ ನೋಡುತ್ತಿದ್ದೆ. ಒಂದು ಸಲ ಪ್ರಿನ್ಸಿಪಾಲರ ಬಾಗಿಲವರೆಗೆ ಹೋಗಿ, ತಪ್ಪು ನಮ್ಮದು ಎಂದು ಹೇಳಲಾರದೆ ತಿರುಗಿ ಬಂದೆ. ನೀರು ಸರಿಯಾಗಿ ತುಂಬುವವರು ಸಿಗದೆ ಅವರೇ ಆಕೆಯನ್ನು ಮತ್ತೆ ಕರೆದರು. ಅಷ್ಟರಲ್ಲಿ ನಾನು ಡಿಗ್ರಿಗೆಂದು ಕಲಬುರ್ಗಿಗೆ ಹೋಗಿದ್ದೆ. ಆಮೇಲೆ ಬಿ.ಎಡ್., ನೌಕರಿ, ಸುರಪುರದಲ್ಲಿ ಸಂಸಾರ. ಹಬೀಬಾ ಯಾದಗಿರಿಯಲ್ಲಿ ಹೊಲಿಗೆ ಕಲಿಸುತ್ತಾಳೆ. ಸಿಕ್ಕಾಗೆಲ್ಲ ನಮ್ಮದು ಅದೇ ಮಾತು. ವನದುರ್ಗವೇನು ದೂರವಲ್ಲ, ದೇವಕ್ಕನನ್ನು ಹುಡುಕದೆ ಇದ್ದುದಕ್ಕೆ ನಾಚಿಕೆಯೇ ಕಾರಣ.

ಶನಿವಾರ ಶಾಲೆ ಬಿಟ್ಟ ಮೇಲೆ ಆ ಹುಡುಗಿಯ ಜೊತೆ ಹೋದೆ. ಕೋಟೆಯ ಗೋಡೆಗೆ ಹತ್ತಿದ ಓಣಿಯಲ್ಲಿ ಮನೆ. ದೇವಕ್ಕನ ತಂಗಿ ಮರಿಲಿಂಗಮ್ಮ ರೊಟ್ಟಿ ಬಡಿಯುತ್ತಿದ್ದಳು, ಮಕ್ಕಳ ಗದ್ದಲವೋ ಗದ್ದಲ. ದೇವಕ್ಕ ಹೊರಸಿನ ಮೇಲೆ ಕೂತು ಹಸಿ ತೊಗರಿಕಾಯಿ ಸುಲಿಯುತ್ತಿದ್ದಳು. ಕಣ್ಣು ಮಂಜಾಗಿದೆ, ಧ್ವನಿ ಹಾಗೇ ಇದೆ. ಹೆಸರು ಹೇಳುತ್ತಲೇ "ಅಮರಪ್ಪನ ಸುಗಲಿ!" ಎಂದು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. ಹುಡುಗಿ ಒಂದು ತಂಬಿಗೆ ನೀರು ತಂದಳು. ನಾನು ಕುಡಿಯಲಾರದೆ ಕೈಯಲ್ಲೇ ಹಿಡಿದುಕೊಂಡು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

"ದೇವಕ್ಕಾ, ನನ್ನ ಸಲುವಾಗಿ ಕೀಲಿ ಒಗದು ನೀ ಕೆಲಸ ಕಳಕೊಂಡಿ. ನಾ ಬಾಯಿ ಬಿಡಲಿಲ್ಲ. ಇಪ್ಪತ್ತೆಂಟು ವರ್ಷ ಆತು."

ತೊಗರಿ ಸುಲಿಯುವ ಕೈ ನಿಂತಿತು. "ಯಾರು ಒಗದಾರು ಕೀಲಿ? ನಾನ್ಯಾಕ ಒಗೀಲವ್ವಾ?"

"ನಾನೂ ಹಬೀಬಾನೂ ಬರೋತನಾ ಬಸ್ಸು ನಿಂದರಲಿ ಅಂತ."

"ಎಲ್ಲಿಂದ ಬರೋತನಾ?"

ಆಕೆಗೆ ಗೊತ್ತೇ ಇರಲಿಲ್ಲ. ಬಂಡೆ, ದೋಣಿ, ಗುಡ್ಡ ಸುತ್ತಿದ ದಾರಿ ಎಲ್ಲವನ್ನೂ ಹೇಳಿದೆ. ಕೇಳುತ್ತಾ ಕೇಳುತ್ತಾ ಆಕೆಯ ಮುಖ ಬಣ್ಣಗೆಟ್ಟಿತು. ಇಷ್ಟು ವರ್ಷದ ಮೇಲೆ, ಆಗ ಪಡಬೇಕಿದ್ದ ಹೆದರಿಕೆಯನ್ನು ಈಗ ಪಟ್ಟಳು. ನನ್ನ ಬೆನ್ನಿಗೆ ಒಂದು ಗುದ್ದು ಬಿತ್ತು.

"ಹುಚ್ಚ ಖೋಡಿ! ನೀರು ಒಯ್ದಿದ್ರ ನಿಮ್ಮಪ್ಪಗ ಏನು ಹೇಳ್ತಿದ್ದೆ ನಾ?" ಆಮೇಲೆ ತೊಗರಿಕಾಯಿ ಬದಿಗೆ ಸರಿಸಿದಳು. ಮತ್ತೆ ಮಾತಾಡಿದಾಗ ಧ್ವನಿ ಸಣ್ಣದಾಗಿತ್ತು.

"ನಿನ್ನ ಮುಂದ ಸುಳ್ಳು ಯಾಕ ಹೇಳಲಿ. ನಿಮ್ಮ ಖಬರಾ ಇರಲಿಲ್ಲ ನನಗ. ಆ ಕುರ್ಚಿ ಮ್ಯಾಲ ಕುಂತಿದ್ನೆಲ್ಲಾ, ಬಿಳಿ ಅಂಗಿ ತೊಟ್ಟಾವ ಒಬ್ಬ ಬಂದ. ತಾಟಿನಾಗ ಗಾಜಿನ ಗಿಲಾಸು ಇಟಗೊಂಡು. 'ನೀರು ತಗೋರಿ ಅಮ್ಮಾ' ಅಂದ. ನನಗವ್ವಾ! ನನಗ ನೀರು ತಂದುಕೊಟ್ಟ. ಕುಡದೆ. ಕುಡದು ಒರಗಿದೆ. ಅಷ್ಟು ನೀರು ಎದುರಿಗಿ ಅದ, ತುಂಬೋದಿಲ್ಲ, ಹೊರೋದಿಲ್ಲ, ಯಾರೂ ದೇವಕ್ಕಾ ನೀರು ಅನ್ನಾಂಗಿಲ್ಲ. ಅಲಿ ಬಂದು ಅರಿವಿ ಮುಟ್ಟಿದ್ದು ಕಂಡೀನಿ. ಬಂದ್ ಮಾಡ್ತಾರ ಬಿಡು ಅಂತ ಕುಂತೆ. ಎದ್ದು ನೋಡ್ತೀನಿ, ಕೀಲಿ ಇಲ್ಲ, ಹರಳಿಲ್ಲ. ನಿಮ್ಮನ್ನ ಎಣಸಾಕ ಏನೂ ಉಳದಿಲ್ಲ."

"ಮತ್ತ ಸರ್ ಕೇಳಿದಾಗ ಎಲ್ಲಾರೂ ಅದಾರ ಅಂದಿ?"

"ಅಂದೆ. ಎಣಸಲಾರದಾ ಅಂದೆ. ನಿಮ್ಮಪ್ಪಗ ಕೊಟ್ಟ ಮಾತು ಅಲ್ಲೇ ಮುರೀತು. ದಾರಿ ಪೂರ್ತಿ ತಿರುಗಿ ನೋಡಾಕ ಧೈರ್ಯ ಬರಲಿಲ್ಲ. ಕೆಲಸದಿಂದ ತೆಗದ್ರಲ್ಲ, ತೆಗೀಬೇಕಾ ಅನಿಸ್ತು. ಗದ್ದ್ಯಾಗಿಂದ ನಿನಗ ಕೈ ಮಾಡಿದ್ರ ನೀ ಮಕಾ ತಿರುವ್ತಿದ್ದಿ. ಈಕಿಗೆ ಗೊತ್ತಾಗ್ಯಾದ, ನಾ ಇವರನ್ನ ಮರತಿದ್ದೆ ಅಂತ, ಅದಕ್ಕ ಸಿಟ್ಟು ಅಂದಕೊಂಡೆ."

ನನಗೆ ಅಳು ತಡೆಯಲಾಗಲಿಲ್ಲ. ಇಪ್ಪತ್ತೆಂಟು ವರ್ಷ ನಾನು ಆಕೆಗೆ ಮುಖ ತೋರಿಸಲಾರದೆ ಇದ್ದೆ, ಆಕೆ ನನಗೆ. ಆಕೆಯ ಬದುಕಿನಲ್ಲಿ ಯಾರನ್ನೂ, ಯಾವುದನ್ನೂ ಎಣಿಸದೆ ಕೂತದ್ದು ಆ ಕುರ್ಚಿಯ ಮೇಲಿನ ಹೊತ್ತು ಮಾತ್ರ. ಅದನ್ನೂ ತಪ್ಪೆಂದೇ ಹೊತ್ತಿದ್ದಳು.

"ಚಲೋ ಮಾಡಿದಿ ದೇವಕ್ಕಾ, ಕುಂತದ್ದು," ಎಂದೆ. ಒಳಗಿನಿಂದ ಬಂದ ಮಾತು ಅದು. ಆಕೆ ಸೆರಗಿನಿಂದ ನನ್ನ ಮುಖ ಒರೆಸಿದಳು.

"ಆದ್ರ ಕ್ಯಾಂಪಿನ್ಯಾಗ ಬಸ್ಸು ಇಳಿವಾಗ ನನ್ನ ಕೈ ಯಾಕ ಹಂಗ ಹಿಡದಿ?" ಎಂದು ಕೇಳಿದೆ. "ಬಳಿ ಒಡದಿದ್ವು."

ದೇವಕ್ಕ ತನ್ನ ಎರಡೂ ಕೈ ಮುಂದೆ ಚಾಚಿ, ಒಂದೊಂದೇ ಬೆರಳು ಮಡಚುತ್ತಾ ಹೋದಳು. ಕೊನೆಗೆ ಉಳಿದದ್ದು ಎರಡು ಮುಷ್ಟಿ.

"ಹರಳು ಇರಲಿಲ್ಲಲ್ಲ. ಒಬ್ಬೊಬ್ಬಾಕಿ ಇಳದಂಗ ಒಂದೊಂದು ಬಳ್ಳು ಮಡಚಿದೆ. ಹತ್ತೂ ಮುಗದ್ವು. ಎದಿ ಡವಡವ ಅಂತಿತ್ತು, ಇನ್ನೊಬ್ಬಾಕಿ ಇದ್ದಾಳೋ ಇಲ್ಲೋ ಅಂತ. ಆಗ ನೀ ಇಳದಿ," ಎಂದಳು. "ಹನ್ನೊಂದನೇದಕ್ಕ ಬಳ್ಳಾ ಇರಲಿಲ್ಲ. ಅದಕ್ಕ ನಿನ್ನನ್ನಾ ಹಿಡಕೊಂಡೆ."